ಕಾರ್ನಿಟಿನ್ ಸೇವನೆಯೂ ಶ್ರಾವಕರ ವಿವೇಕವೂ

ವ್ಯಾಯಾಮದಿಂದ ದಣಿದ ಸ್ನಾಯುಗಳು ಬೇಗನೆ ಚೇತರಿಸಿಕೊಳ್ಳಲೆಂದು ಕಾರ್ನಿಟಿನ್ ಎಂಬ ವಸ್ತುವನ್ನು ಪುಡಿಯಾಗಿಯೂ ಗುಳಿಗೆಯಾಗಿಯೂ ಸೇವಿಸುವ ರೂಢಿ ಇಂದು ತರುಣರಲ್ಲಿದೆ. ಇದರ ಪರವಾಗಿ ಹೂಡುವ ವಾದ ಹೀಗಿದೆ: ಕಾರ್ನಿಟಿನ್ ಮಾಂಸದಲ್ಲಿ ಹೇರಳ, ಸಸ್ಯಾಹಾರದಲ್ಲಿ ಅತ್ಯಲ್ಪ, ಆದುದರಿಂದ ಸಸ್ಯಾಹಾರಿಗೆ ಇದರ ಕೊರತೆ ನಿಶ್ಚಿತ. ಮೊದಲೆರಡು ಮಾತುಗಳು ಸತ್ಯ, ಮೂರನೆಯದು ಅಸತ್ಯ.

1905ರಲ್ಲಿ ಈ ವಸ್ತುವನ್ನು ಮಾಂಸಸಾರದಿಂದ ಬೇರ್ಪಡಿಸಲಾಯಿತು. ಹೆಸರು ಬಂದುದೂ ಮಾಂಸವೆಂಬ ಅರ್ಥದ ಲ್ಯಾಟಿನ್ ಶಬ್ದದಿಂದಲೇ. ಕೊಬ್ಬಿನ ಆಮ್ಲಗಳನ್ನು ಜೀವಕೋಶದ ಮೈಟೊಕಾಂಡ್ರಿಯಗಳೊಳಗೆ ಒಯ್ಯುವುದು ಇದರ ಕಾರ್ಯ. ಆದರೆ ಅದಕ್ಕೆ ಬೇಕಾದಷ್ಟನ್ನು ನಮ್ಮ ಯಕೃತ್ತು ಮತ್ತು ಮೂತ್ರಪಿಂಡಗಳೇ ಲೈಸಿನ್, ಮೆಥಿಯೊನಿನ್ ಎಂಬ ಅಮೈನೊ ಆಮ್ಲಗಳಿಂದ ತಯಾರಿಸಿಕೊಳ್ಳುತ್ತವೆ. ಬೇಳೆಕಾಳುಗಳು ಮೊದಲನೆಯದನ್ನೂ ಧಾನ್ಯ, ಎಳ್ಳುಗಳು ಎರಡನೆಯದನ್ನೂ ಒದಗಿಸುತ್ತವೆ. ಸಸ್ಯಾಹಾರಿಯ ರಕ್ತದಲ್ಲಿ ಇದರ ಪ್ರಮಾಣ ತುಸು ಕಡಿಮೆಯಿರಬಹುದು, ಅದು ರೋಗವಲ್ಲ. ಜನ್ಮಜಾತ ದೋಷವುಳ್ಳವರಿಗೂ ಡಯಾಲಿಸಿಸ್‌ಗೆ ಒಳಗಾದ ಕೆಲವರಿಗೂ ವೈದ್ಯರು ಇದನ್ನು ಕೊಡುವುದುಂಟು. ಅದು ಚಿಕಿತ್ಸೆ; ಅದಕ್ಕೆ ನಮ್ಮ ಆಕ್ಷೇಪವಿಲ್ಲ.

ಇದಕ್ಕೆ ವಿರುದ್ಧವಾಗಿ, "ಇದು ಮಾಂಸವೇ, ಮುಟ್ಟಲಾಗದು" ಎನ್ನುವವರ ಮಾತೂ ಪರಿಶೀಲನೆಗೆ ನಿಲ್ಲದು. ಇಂದು ಮಾರಾಟಕ್ಕೆ ಬರುವ ಕಾರ್ನಿಟಿನ್ ಸಾಮಾನ್ಯವಾಗಿ ರಾಸಾಯನಿಕ ಕ್ರಮದಿಂದಲೋ ಸೂಕ್ಷ್ಮಜೀವಿಗಳ ಮೂಲಕವೋ ಸಿದ್ಧವಾಗುತ್ತದೆ. ಹಿಂಸೆ ಅಡಗಿರುವುದು ಅನೇಕ ವೇಳೆ ಹೊರಗವಚದಲ್ಲಿ. ಕ್ಯಾಪ್ಸೂಲಿನ ಜೆಲಾಟಿನ್ ದನ, ಹಂದಿಗಳ ಚರ್ಮ ಮತ್ತು ಮೂಳೆಗಳಿಂದ ಬಂದುದು. ಕೃತ, ಕಾರಿತ, ಅನುಮೋದನ ಎಂಬ ಮೂರು ಬಗೆಯಲ್ಲಿಯೂ ಹಿಂಸೆಯನ್ನು ತ್ಯಜಿಸಬೇಕೆಂದು ಬಲ್ಲ ಶ್ರಾವಕನು ಕೊಳ್ಳುವ ಮುನ್ನ ಇದನ್ನು ವಿಚಾರಿಸದಿದ್ದರೆ ಆ ವ್ರತಕ್ಕೆ ಅರ್ಥವೇನು?

ಪ್ರಯೋಜನವೇ ಇಲ್ಲವೆಂದು ನಾವು ಹೇಳುವುದಿಲ್ಲ. ದಿನಕ್ಕೆ ಸುಮಾರು 2 ಗ್ರಾಂನಂತೆ ಕೆಲವು ವಾರ ಸೇವಿಸಿದವರಲ್ಲಿ ಸ್ನಾಯುನೋವು ತಗ್ಗಿದುದನ್ನು ಕೆಲವು ಸಣ್ಣ ಪ್ರಯೋಗಗಳು ತೋರಿಸಿವೆ. ಆದರೆ 3 ಗ್ರಾಂನಷ್ಟಾದರೆ ವಾಕರಿಕೆ, ಭೇದಿ, ಮೈಯಲ್ಲಿ ಮೀನಿನ ವಾಸನೆ ಕಾಣಿಸಿಕೊಳ್ಳಬಹುದು. ಕರುಳಿನ ಬ್ಯಾಕ್ಟೀರಿಯಗಳು ಕಾರ್ನಿಟಿನನ್ನು ಮಾರ್ಪಡಿಸಿ, ಹೃದ್ರೋಗದೊಡನೆ ಸಂಬಂಧವಿದೆಯೆಂದು ಶಂಕಿಸಲಾದ ಒಂದು ವಸ್ತುವಿಗೆ ಎಡೆಮಾಡುತ್ತವೆಂದು 2013ರಲ್ಲಿ ಪ್ರಕಟವಾದ ಸಂಶೋಧನೆ ತಿಳಿಸಿತು. ಅದೇ ಸಂಶೋಧನೆಯಂತೆ, ಬಹುಕಾಲದಿಂದ ಮಾಂಸ ವರ್ಜಿಸಿದವರಲ್ಲಿ ಆ ವಸ್ತು ಉಂಟಾಗುವುದು ಅತ್ಯಲ್ಪ. ಆಹಾರವೇ ನೀಡಿದ ಈ ರಕ್ಷೆಯನ್ನು ಹಣ ತೆತ್ತು ಶಿಥಿಲಗೊಳಿಸುವುದು ಜಾಣತನವೇ?

ಇನ್ನೊಂದು ಮಾತು. ಸಂಜೆಯ ವ್ಯಾಯಾಮ ಮುಗಿಸಿ ಕತ್ತಲಾದ ಮೇಲೆ ಈ ಪುಡಿಯನ್ನು ಕಲಸಿ ಕುಡಿಯುವವನು ರಾತ್ರಿಭೋಜನ ತ್ಯಾಗವನ್ನೂ ಕೈಬಿಟ್ಟಂತೆಯೇ ಸರಿ. ಪ್ರಾತಃಕಾಲ ವ್ಯಾಯಾಮ ಮಾಡಿದರೆ ಈ ತೊಡಕೇ ಇಲ್ಲ.

ಬಾಹುಬಲಿಸ್ವಾಮಿಯು ಮಲ್ಲಯುದ್ಧದಲ್ಲಿ ಭರತನನ್ನು ಗೆದ್ದವನು. ಜೈನಧರ್ಮವು ದೇಹಬಲದ ವೈರಿಯಲ್ಲ. ಬಲದ ಮೋಹಕ್ಕೆ ಮಾತ್ರ ವೈರಿ. ಆದುದರಿಂದ ಬಸದಿಗಳ ಆಡಳಿತ ಮಂಡಳಿಗಳಲ್ಲಿ ನಮ್ಮ ಬಿನ್ನಹವಿಷ್ಟೆ: ವಿದ್ಯಾರ್ಥಿನಿಲಯಗಳಲ್ಲಿ ಇಂತಹ ಪುಡಿಗಳಿಗೆ ದಾನದ ಹಣ ವ್ಯಯವಾಗದಿರಲಿ. ಅದೇ ಹಣದಲ್ಲಿ ಹೆಸರುಕಾಳು, ಕಡಲೆ, ಎಳ್ಳು ಬಾಲಕರ ತಟ್ಟೆಗೆ ಬರಲಿ. ಸಾಕಷ್ಟು ನಿದ್ರೆಗೆ ಅವಕಾಶವಿರಲಿ. ತಮ್ಮ ಆಹಾರ ದುರ್ಬಲರ ಆಹಾರವೆಂಬ ಕೀಳರಿಮೆ ಮಕ್ಕಳ ಮನಸ್ಸಿನಲ್ಲಿ ಬೇರೂರಗೊಡಬಾರದು.