ಹೊಲಕ್ಕೆ ಅಪ್ಪನ ಅಂಗಿ ನಡೆಯುತ್ತೆ, ಸಂತೆಗೆ ತನ್ನ ಅಂಗಿ ಯಾಕೆ ಬೇಡ?

ಮಾಗಳದಿಂದ ಹಡಗಲಿ ಕಡೆ ಬೆಳಿಗ್ಗೆ ಎಂಟರ ಹೊತ್ತಿಗೆ ಹೊರಟರೆ ಹೊಲಕ್ಕೆ ಹೋಗುವ ಹೆಣ್ಣುಮಕ್ಕಳನ್ನು ಒಮ್ಮೆ ಗಮನಿಸಿ. ಸೀರೆಯ ಮೇಲೆ ತುಂಬುತೋಳಿನ ಗಂಡಸರ ಅಂಗಿ, ತಲೆಗೆ ಟವೆಲ್ಲು. ಗಂಡನದೋ ಮಗನದೋ ಹಳೇ ಅಂಗಿ ಅದು, ಕಾಲರ್ ಸವೆದಿರುತ್ತೆ, ಒಂದೆರಡು ಗುಂಡಿ ಹೋಗಿರುತ್ತೆ. ಮೆಕ್ಕೆಜೋಳದ ಗರಿ ಕೈ ಕೊಯ್ಯುತ್ತೆ, ಬಿಸಿಲು ಸುಡುತ್ತೆ, ಅದಕ್ಕೆ ಹಾಕ್ಕೊಂಡಿರುತ್ತಾರೆ. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವವರದ್ದೂ ಇದೇ ವೇಷ. ಇದನ್ನು ನೋಡಿ ನಮ್ಮೂರಲ್ಲಿ ಯಾರೂ ನಕ್ಕಿದ್ದಿಲ್ಲ.

ಅದೇ ಊರಿನ ಹುಡುಗಿಯೊಬ್ಬಳು ಅದೇ ಥರದ ಅಂಗಿಗೆ ಇಸ್ತ್ರಿ ಮಾಡಿ, ಪ್ಯಾಂಟಿನೊಳಗೆ ಸೇರಿಸಿ, ಬೆಲ್ಟು ಕಟ್ಟಿ, ತಲೆಗೂದಲು ಗಿಡ್ಡ ಮಾಡಿಕೊಂಡು ಸಂತೆಗೆ ಹೋಗಲಿ. ಸಂಜೆಯೊಳಗೆ ಅವರಪ್ಪನಿಗೆ ಸುದ್ದಿ ಮುಟ್ಟಿರುತ್ತೆ. ಅಂದರೆ ನಮ್ಮ ಜನಕ್ಕೆ ಹೆಣ್ಣಿನ ಮೈಮೇಲೆ ಗಂಡಸಿನ ಅಂಗಿ ಕಂಡರೆ ಕಷ್ಟವೇನಿಲ್ಲ. ಅದು ಹಳೇದಾಗಿರಬೇಕು, ಬೇರೆಯವರು ಬಿಟ್ಟಿದ್ದಾಗಿರಬೇಕು, ದುಡಿಯೋಕೆ ಹಾಕ್ಕೊಂಡಿದ್ದಾಗಿರಬೇಕು. ಆಕೆಗೆ ಇಷ್ಟವಾಗಿ, ಆಕೆಯ ಅಳತೆಗೆ ಹೊಲಿಸಿದ್ದಾದರೆ ಮಾತ್ರ ತಪ್ಪು. ಈ ಲೆಕ್ಕ ನಮಗೆ ಒಪ್ಪಿಗೆಯಿಲ್ಲ. ಅದಕ್ಕೇ ಇದನ್ನು ಬರೀತಿದ್ದೇವೆ.

ಇಂಥ ಹುಡುಗಿಗೆ ನಮ್ಮ ಕಡೆ ಇರುವ ಹೆಸರು ಗಂಡುಬೀರಿ. ಕೆಲವರು ಗಂಡುರಾಮಿ ಅಂತಾರೆ. ಟ್ರ್ಯಾಕ್ಟರ್ ಓಡಿಸುವವಳಿಗೂ ಇದೇ ಹೆಸರು, ಜೋರಾಗಿ ಮಾತಾಡುವವಳಿಗೂ ಇದೇ, ಎದುರುತ್ತರ ಕೊಟ್ಟವಳಿಗೂ ಇದೇ. ಬೈಗುಳ ಅಂತಲೇ ಬಳಸೋದು. ಆದರೆ ನಮಗೆ ಪರಿಚಯವಿರುವ ಒಂದಿಬ್ಬರು ಈ ಮಾತನ್ನು ತಮ್ಮ ಬಗ್ಗೆ ತಾವೇ ಹೇಳಿಕೊಂಡು ನಗುತ್ತಾರೆ. "ಹೌದ್ರೀ, ನಾನು ಗಂಡುಬೀರಿನೇ, ಏನೀಗ?" ಅಂತ. ಅವರಿಗೆ ಗಂಡಸಾಗಬೇಕು ಅಂತಿಲ್ಲ, ಹೆಣ್ಣು ಅಂತಲೇ ತಮ್ಮನ್ನು ತಿಳಿದುಕೊಂಡಿದ್ದಾರೆ. ಆದರೆ ಸೀರೆ ಉಟ್ಟು, ಕೈತುಂಬ ಬಳೆ ಹಾಕಿ ಕನ್ನಡಿ ಮುಂದೆ ನಿಂತರೆ ಅಲ್ಲಿ ಕಾಣೋದು ಬೇರೆ ಯಾರೋ ಅನ್ನಿಸುತ್ತಂತೆ.

ಇಂಗ್ಲಿಷಿನಲ್ಲಿ ಇದಕ್ಕೆ ಬುಚ್ ಅಂತಾರೆ. ಇದು ಓದಿದವರ, ಶ್ರೀಮಂತರ ಶೋಕಿ ಅಂತ ನೀವು ಅಂದುಕೊಳ್ಳಬಹುದು. ಹಾಗಲ್ಲ. 1940, 50ರ ದಶಕದಲ್ಲಿ ಅಮೆರಿಕದ ಬಫಲೋದಂಥ ಕಾರ್ಖಾನೆ ಊರುಗಳಲ್ಲಿ ಕೂಲಿ ಮಾಡುತ್ತಿದ್ದ ಹೆಂಗಸರ ನಡುವೆ ಬೆಳೆದ ಬದುಕು ಅದು. ಅದೇ ಊರಲ್ಲಿ ಬೆಳೆದು ಕಾರ್ಖಾನೆಗಳಲ್ಲಿ ದುಡಿದ ಲೆಸ್ಲಿ ಫೈನ್‌ಬರ್ಗ್ 1993ರಲ್ಲಿ ಆ ಬದುಕಿನ ಮೇಲೆ 'ಸ್ಟೋನ್ ಬುಚ್ ಬ್ಲೂಸ್' ಎಂಬ ಕಾದಂಬರಿ ಬರೆದರು. ದುಡಿಯುವ ಹೆಂಗಸು, ಗಂಡಸಿನ ಅಂಗಿ, ಊರಿನವರ ಕಣ್ಣು: ನಮಗೆ ಗೊತ್ತಿಲ್ಲದ ಸಂಗತಿ ಇದರಲ್ಲಿ ಯಾವುದಿದೆ?

ಒಂದು ಮಾತು ಇಲ್ಲಿ ಬಿಡಿಸಿ ಹೇಳಬೇಕು. ಪ್ಯಾಂಟು ಶರ್ಟು ಹಾಕಿದವರೆಲ್ಲ ಒಂದೇ ಅಲ್ಲ. ಬೈಕ್ ಓಡಿಸಲು ಅನುಕೂಲ ಅಂತ ಹಾಕುವವರಿದ್ದಾರೆ. ಹೆಣ್ಣನ್ನೇ ಪ್ರೀತಿಸುವವರಿದ್ದಾರೆ, ಅವರಲ್ಲಿ ಸೀರೆ ಉಡುವವರೂ ಇದ್ದಾರೆ. ಹೆಣ್ಣಾಗಿ ಹುಟ್ಟಿದರೂ ತಾನು ಗಂಡು ಅಂತ ತಿಳಿದು ಹಾಗೇ ಬದುಕುವ ಟ್ರಾನ್ಸ್ ಪುರುಷರು ಇದ್ದಾರೆ. ಬೆಂಗಳೂರಿನ ಹಿಂದೂಸ್ತಾನಿ ಸಂಗೀತಗಾರ ರೂಮಿ ಹರೀಶ್ ಅಂಥವರು. ಅವರ ಬದುಕನ್ನು ಕನ್ನಡದಲ್ಲಿ ಪುಸ್ತಕವಾಗಿ ನಿರೂಪಿಸಿದವರು ನಮ್ಮ ಹಗರಿಬೊಮ್ಮನಹಳ್ಳಿಯ ದಾದಾಪೀರ್ ಜೈಮನ್ ಎಂಬುದು ನಮಗೆ ಹೆಮ್ಮೆ. ಯಾರು ಯಾವುದು ಅಂತ ಅಂಗಿ ನೋಡಿ ತೀರ್ಮಾನ ಮಾಡುವ ಕೆಲಸ ಊರಿನವರದ್ದಲ್ಲ, ನಮ್ಮದೂ ಅಲ್ಲ.

ಈಗ ಅಸಲಿ ತೊಂದರೆಗೆ ಬರೋಣ. ಅಂಗಿ ಹಾಕಬೇಕು ಅನ್ನುವ ಧೈರ್ಯ ಬಂತು ಅಂತಿಟ್ಟುಕೊಳ್ಳಿ. ಆದರೆ ಅಂಗಿ ಎಲ್ಲಿದೆ?

ರೆಡಿಮೇಡ್ ಅಂಗಡಿಯ ಗಂಡಸರ ಶರ್ಟು ಗಂಡಸಿನ ಮೈಗೆ ಕತ್ತರಿಸಿದ್ದು. ಹೆಣ್ಣುಮಗಳು ಎದೆಯ ಅಳತೆ ನೋಡಿ ಶರ್ಟು ತಗೊಂಡರೆ ಶೋಲ್ಡರ್ ಎರಡು ಮೂರು ಇಂಚು ಅಗಲವಾಗಿ ತೋಳಿನ ಮೇಲೆ ಜಾರಿ ಕೂರುತ್ತೆ. ತೋಳು ಬೆರಳಿನವರೆಗೆ ಬರುತ್ತೆ. ಶೋಲ್ಡರ್ ನೋಡಿ ತಗೊಂಡರೆ ಎದೆಯ ಹತ್ತಿರ ಎರಡು ಗುಂಡಿಗಳ ನಡುವೆ ಬಾಯಿ ಬಿಡುತ್ತೆ, ಕೆಳಗೆ ಸೊಂಟದ ಹತ್ತಿರ ಬಿಗಿಯುತ್ತೆ. ಪ್ಯಾಂಟಿನ ಕಥೆ ಇನ್ನೂ ಕಷ್ಟ. ಗಂಡಸರ ಪ್ಯಾಂಟಿನಲ್ಲಿ ನಡುವಿಗೂ ಸೀಟಿಗೂ ಅಷ್ಟಾಗಿ ವ್ಯತ್ಯಾಸ ಇಡುವುದಿಲ್ಲ. ಸೀಟು ಸರಿಹೋದರೆ ನಡು ದೊಗಳೆ, ನಡು ಸರಿಹೋದರೆ ಸೀಟು ಏರಲ್ಲ. ಲೇಡೀಸ್ ಪ್ಯಾಂಟ್ ತಗೋ ಅಂತೀರಾ? ಅದರಲ್ಲಿ ಕಿಸೆಯೇ ಇರೋದಿಲ್ಲ. ಇದ್ದರೂ ಅರ್ಧ ಮೊಬೈಲು ಹೊರಗೆ. (ಹೆಂಗಸರಿಗೆ ಕಿಸೆ ಬೇಡ ಅಂತ ಯಾರು ತೀರ್ಮಾನ ಮಾಡಿದರೋ, ಅವರು ಸಿಕ್ಕರೆ ನಮಗೂ ಒಂದು ಮಾತು ಕೇಳೋದಿದೆ.)

ಹೊಲಿಸೋಣ ಅಂದರೆ ಜೆಂಟ್ಸ್ ಟೈಲರ್ "ಹೆಣ್ಣುಮಕ್ಕಳ ಅಳತೆ ನಾವು ತಗೊಳ್ಳಲ್ಲಮ್ಮ" ಅಂತಾರೆ. ಲೇಡೀಸ್ ಟೈಲರ್ "ನಮಗೆ ಕಾಲರ್ ಕೂರಿಸೋಕೆ ಬರಲ್ಲ" ಅಂತಾರೆ. ಇಬ್ಬರ ಮಾತೂ ಸುಳ್ಳಲ್ಲ. ಆದರೆ ದಾರಿ ಇದೆ, ನಮ್ಮ ಬಳಗದವರು ಮಾಡಿ ನೋಡಿದ್ದಾರೆ.

ಜಂಪರ್ ಹೊಲಿಸಲು ಅಳತೆ ಜಂಪರ್ ಕೊಡುತ್ತೀವಲ್ಲ, ಹಾಗೇ ಅಳತೆ ಅಂಗಿ ಮಾಡಿಕೊಳ್ಳಿ. ಎದೆಗೆ ಸರಿಯಾಗುವ ಗಂಡಸರ ಶರ್ಟು ಒಂದು ತಗೊಂಡು, ಶೋಲ್ಡರ್ ಒಳಗೆ ತೆಗೆಸಿ ತೋಳನ್ನು ಮತ್ತೆ ಕೂರಿಸಿ. ತೋಳು ಗಿಡ್ಡ ಮಾಡಿಸುವಾಗ ಕಫ್ ಬಿಚ್ಚಿ, ಮೇಲಕ್ಕೆ ತಂದು ಮತ್ತೆ ಹೊಲಿಸಬೇಕು, ಸುಮ್ಮನೆ ಮಡಚಿ ಹೊಲಿದರೆ ಆಗಲ್ಲ. ಎದೆಯ ಹತ್ತಿರ ಗುಂಡಿಗಳ ನಡುವೆ ಒಳಗಿನಿಂದ ಒಂದು ಟಿಚ್ ಬಟನ್ ಹಾಕಿಸಿದರೆ ಬಾಯಿ ಬಿಡುವುದು ನಿಲ್ಲುತ್ತೆ. ಕೆಳಗೆ ಎರಡೂ ಬದಿ ಎರಡಿಂಚು ಸೀಳು ಬಿಡಿಸಿದರೆ ಸೊಂಟಕ್ಕೆ ಬಿಗಿಯಲ್ಲ. ಮುಂದೆ ಡಾಟ್ ಹಿಡಿಯಬೇಡಿ ಅಂತ ಟೈಲರಿಗೆ ಒತ್ತಿ ಹೇಳಿ. ಡಾಟ್ ಹಿಡಿದ ಕೂಡಲೇ ಅದು ಹೆಂಗಸರ ಟಾಪ್ ಆಗಿಬಿಡುತ್ತೆ, ಅಂಗಿ ಉಳಿಯಲ್ಲ. ಗುಂಡಿಪಟ್ಟಿ ಯಾವ ಕಡೆ ಅನ್ನೋದನ್ನೂ ಹೇಳಿ. ಗಂಡಸರ ಅಂಗಿಯಲ್ಲಿ ಗುಂಡಿ ಹಾಕಿದವರ ಬಲಕ್ಕೆ, ಹೆಂಗಸರದ್ದರಲ್ಲಿ ಎಡಕ್ಕೆ. ಚಿಕ್ಕ ವಿಷಯ ಅನಿಸಬಹುದು. ತೊಡುವವರಿಗೆ ಅಲ್ಲ. ಪ್ಯಾಂಟಿಗಾದರೆ ಸೀಟಿನ ಅಳತೆಗೆ ತಗೊಂಡು ನಡುವಿನಲ್ಲಿ ಹಿಂದಿನ ಹೊಲಿಗೆಯಿಂದ ಒಳಗೆ ತೆಗೆಸಿ, ಪ್ರತಿ ಟೈಲರಿಗೂ ಬರುವ ಕೆಲಸ ಅದು. ಈ ಒಂದು ಜೊತೆ ಸರಿಯಾದರೆ ಮುಂದೆ ಅದನ್ನೇ ಕೊಟ್ಟು ಎಷ್ಟು ಬೇಕಾದರೂ ಹೊಲಿಸಬಹುದು. ಟೈಲರ್ ಮೈ ಮುಟ್ಟಿ ಅಳತೆ ತೆಗೆಯುವ ಮುಜುಗರ ಇಬ್ಬರಿಗೂ ಇಲ್ಲ.

ಎದೆ ಚಪ್ಪಟೆ ಕಾಣಲಿ ಅಂತ ಕೆಲವರು ಕ್ರೇಪ್ ಬ್ಯಾಂಡೇಜ್ ಸುತ್ತಿಕೊಳ್ಳುತ್ತಾರೆ. ದಯವಿಟ್ಟು ಬೇಡ. ಅದು ಉಸಿರಾಡಿದಂತೆಲ್ಲ ಬಿಗಿಯುತ್ತೆ, ಪಕ್ಕೆಲುಬು ನೋಯುತ್ತೆ, ಬಿಸಿಲಲ್ಲಿ ಚರ್ಮ ಹುಣ್ಣಾಗುತ್ತೆ. ಸರಿಯಾದ ಅಳತೆಯ ಸ್ಪೋರ್ಟ್ಸ್ ಬ್ರಾ, ಅದರ ಮೇಲೊಂದು ಬನಿಯನ್, ಮೇಲೆ ಸ್ವಲ್ಪ ದಪ್ಪ ಬಟ್ಟೆಯ ಅಂಗಿ ಸಾಕು.

ಇದೆಲ್ಲ ನಮ್ಮ ಸಂಸ್ಕೃತಿಯಲ್ಲಿ ಇಲ್ಲ ಎನ್ನುವವರಿಗೆ ಎರಡು ಹೆಸರು ನೆನಪಿಸುತ್ತೇವೆ. ಆರ್. ನಾಗರತ್ನಮ್ಮ 1958ರಲ್ಲಿ ಬೆಂಗಳೂರಿನಲ್ಲಿ ಹೆಂಗಸರೇ ಇರುವ ಸ್ತ್ರೀ ನಾಟಕ ಮಂಡಳಿ ಕಟ್ಟಿದರು. ಕಂಸ, ರಾವಣನಂಥ ಪಾತ್ರಗಳನ್ನು ತಾವೇ ಮಾಡಿ ಹೆಸರಾದರು, 2012ರಲ್ಲಿ ಪದ್ಮಶ್ರೀ ಬಂತು. ಹೆಣ್ಣು ಮೀಸೆ ಹಚ್ಚಿ ರಾವಣನಾದರೆ ಚಪ್ಪಾಳೆ ಹೊಡೆದ ಜನ ನಾವು. ಇನ್ನೊಬ್ಬರು ನಮ್ಮ ಕಡೆಯವರೇ ಆದ ಮಂಜಮ್ಮ ಜೋಗತಿ. ಗಂಡಾಗಿ ಹುಟ್ಟಿ, ಸೀರೆ ಉಟ್ಟು, ಜೋಗತಿಯಾಗಿ ಕುಣಿದು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪಡೆದರು. ಅವರ ದಾರಿ ಸುಲಭದ್ದಾಗಿರಲಿಲ್ಲ. ಆದರೂ ಸೀರೆ ಉಟ್ಟ ಗಂಡಿಗೆ ದೇವಿಯ ಹೆಸರಲ್ಲಿ ಒಂದು ಜಾಗ, ಒಂದು ಬಳಗ, ಒಂದು ಹೆಸರು ನಮ್ಮ ಪದ್ಧತಿಯಲ್ಲಿದೆ. ಅಂಗಿ ತೊಟ್ಟ ಹೆಣ್ಣಿಗೆ ಗುಡಿಯೂ ಇಲ್ಲ, ಬಳಗವೂ ಇಲ್ಲ, ಇರುವ ಹೆಸರು ಬೈಗುಳ.

ಸರಕಾರ ಮಾತ್ರ ಊರಿಗಿಂತ ಮುಂದೆ ಹೋಗಿದೆ. 2018ರಲ್ಲಿ ರಾಜ್ಯದ ಪೊಲೀಸ್ ಮುಖ್ಯಸ್ಥೆಯಾಗಿದ್ದ ನೀಲಮಣಿ ರಾಜು ಅವರು ಮಹಿಳಾ ಪೊಲೀಸರು ಕರ್ತವ್ಯದಲ್ಲಿ ಸೀರೆ ಬದಲು ಖಾಕಿ ಪ್ಯಾಂಟು ಶರ್ಟು ತೊಡಬೇಕು ಅಂತ ಸುತ್ತೋಲೆ ಹೊರಡಿಸಿದರು. ಕೇರಳದ ಬಾಲುಶ್ಶೇರಿಯ ಸರಕಾರಿ ಹೆಣ್ಣುಮಕ್ಕಳ ಶಾಲೆಯಲ್ಲಿ 2021ರ ಡಿಸೆಂಬರಿನಲ್ಲಿ ಪ್ಯಾಂಟು ಶರ್ಟೇ ಸಮವಸ್ತ್ರವಾಯಿತು. ಎಲ್ಲರಿಗೂ ಪ್ಯಾಂಟು ಕಡ್ಡಾಯ ಮಾಡಿ ಅಂತ ನಾವು ಕೇಳುತ್ತಿಲ್ಲ, ಚೂಡಿದಾರ ಬೇಕೆನ್ನುವ ಹುಡುಗಿಗೆ ಚೂಡಿದಾರವೇ ಇರಲಿ. ಬೇಡ ಎನ್ನುವ ಹುಡುಗಿಗೆ ಇನ್ನೊಂದು ದಾರಿ ಬೇಕು. ಹೋಗಲಿ, ಪ್ಯಾರಿಸ್ಸಿನಲ್ಲಿ ಹೆಂಗಸರು ಪ್ಯಾಂಟು ತೊಡಲು ಪೊಲೀಸರ ಅನುಮತಿ ಬೇಕೆಂಬ 1800ನೇ ಇಸವಿಯ ಆದೇಶ ಸತ್ತಿದೆ ಅಂತ ಅಲ್ಲಿನ ಸರಕಾರ ಹೇಳಿದ್ದು 2013ರಲ್ಲಿ. ನಾವೇನೂ ತೀರಾ ಹಿಂದೆ ಉಳಿದಿಲ್ಲ!

ಅಂಗಿಯ ಹಿಂದೆ ದೊಡ್ಡದೊಂದು ಭಯವೂ ಇದೆ, ಅದನ್ನು ಮರೆಸಿ ಬರೆಯಲಾರೆವು. ಹೀಗಿರುವ ಹುಡುಗಿಯ ಮನೆಯಲ್ಲಿ ಮೊದಲು ಹೊಳೆಯುವ ಔಷಧಿ ಮದುವೆ. ಕೂದಲು ಬೆಳೆಸಿ, ಸೀರೆ ಉಡಿಸಿ, ಆರು ತಿಂಗಳಲ್ಲಿ ಗಂಡು ನೋಡಿ ಮುಗಿಸುತ್ತಾರೆ. ಕೆಲವರು ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಓಡುತ್ತಾರೆ. ಅಲ್ಲಿ ಸಂಗಮ, ಲೆಸ್ಬಿಟ್‌ನಂಥ ಗುಂಪುಗಳು ಇಂಥವರಿಗಾಗಿ ಕೆಲಸ ಮಾಡಿವೆ, ಒಳ್ಳೆಯದೇ. ಆದರೆ ಅಪ್ಪನ ಹೊಲ, ಅವ್ವನ ರೊಟ್ಟಿ, ತಾನೇ ಸಾಕಿದ ಎಮ್ಮೆ ಎಲ್ಲ ಬಿಟ್ಟು ಹೋದರೆ ಮಾತ್ರ ತಾನು ತಾನಾಗಿ ಇರಬಹುದು ಅನ್ನೋದು ಯಾವ ನ್ಯಾಯ? ಊರಿನಲ್ಲೇ ಇರುವ ಹಕ್ಕು ಆಕೆಗಿಲ್ಲವೇ?

ಕಾನೂನು ಆಕೆಯ ಕಡೆಗಿದೆ. 2014ರ ಏಪ್ರಿಲ್ 15ರ ನಾಲ್ಸಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಉಡುಗೆ ತೊಡುಗೆಯ ಮೂಲಕ ತಮ್ಮ ಲಿಂಗಭಾವ ತೋರಿಸಿಕೊಳ್ಳುವುದು ಸಂವಿಧಾನದ 19(1)(ಎ) ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ಸೇರುತ್ತೆ ಅಂದಿದೆ. 2018ರ ಸೆಪ್ಟೆಂಬರ್ 6ರಿಂದ, ವಯಸ್ಕರಾದ ಇಬ್ಬರು ಹೆಂಗಸರು ಒಪ್ಪಿ ಪ್ರೀತಿಸಿದರೆ ಅದನ್ನು ಅಪರಾಧ ಎನ್ನಲು ಯಾರಿಗೂ ಬರುವುದಿಲ್ಲ. ಅವರ ಮದುವೆಗೆ ಮಾತ್ರ 2023ರಲ್ಲಿ ಕೋರ್ಟು ಮಾನ್ಯತೆ ಕೊಡಲಿಲ್ಲ. ಕೇರಳದ ಪ್ರಕರಣವೊಂದರಲ್ಲಿ 2024ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು, ಇಂಥವರನ್ನು ಕೌನ್ಸೆಲಿಂಗ್ ಹೆಸರಲ್ಲಿ ಮನಸ್ಸು ಬದಲಿಸುವಂತೆ ಒತ್ತಾಯಿಸಬಾರದು ಅಂತ ಹೈಕೋರ್ಟುಗಳಿಗೆ ಹೇಳಿದೆ. ಹದಿನೆಂಟು ತುಂಬಿದವಳನ್ನು ಕೂಡಿಹಾಕಿದರೆ 112ಕ್ಕೆ, ಇಲ್ಲವೇ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಬಹುದು. ಹದಿನೆಂಟರ ಒಳಗಿನವರಿಗೆ 1098. ಮನಸ್ಸು ತೀರಾ ಕುಗ್ಗಿದರೆ 14416, ಕನ್ನಡದಲ್ಲೇ ಮಾತಾಡುತ್ತಾರೆ. ತಾಲ್ಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಯಲ್ಲಿ ಹೆಣ್ಣುಮಕ್ಕಳಿಗೆ ವಕೀಲರ ಫೀಸಿಲ್ಲ, ಆದಾಯದ ಮಿತಿಯೂ ಇಲ್ಲ.

ಸದ್ಯಕ್ಕೆ ನಮ್ಮ ಕೋರಿಕೆ ಅಷ್ಟು ದೊಡ್ಡದಲ್ಲ. ನಮ್ಮ ಹಳ್ಳಿಗಳಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡು ಜಂಪರ್ ಹೊಲಿಯುವ ಅಕ್ಕಂದಿರು ಎಷ್ಟೊಂದು ಜನ ಇದ್ದಾರೆ. ಅವರಲ್ಲಿ ಒಬ್ಬರಿಬ್ಬರು ಕಾಲರ್, ಕಫ್ ಕೂರಿಸುವುದು ಕಲಿತರೆ ಸಾಕು, ಹೆಣ್ಣುಮಕ್ಕಳಿಗೂ ಅಂಗಿ ಸಿಗುತ್ತೆ, ಅಕ್ಕಂದಿರಿಗೂ ನಾಲ್ಕು ಕಾಸು ಜಾಸ್ತಿ ಬರುತ್ತೆ. ಕೊಟ್ಟೂರು, ಕೂಡ್ಲಿಗಿ, ಹರಪನಹಳ್ಳಿ ಕಡೆ ಹೆಣ್ಣುಮಕ್ಕಳಿಗೆ ಅಂಗಿ ಪ್ಯಾಂಟು ಹೊಲಿದು ಕೊಡಲು ಒಪ್ಪುವ ಟೈಲರ್ ನಿಮಗೆ ಗೊತ್ತಿದ್ದರೆ ಅವರನ್ನು ಕೇಳಿ ನಮಗೆ ತಿಳಿಸಿ. ಅಳತೆ ಅಂಗಿ ನಾವೇ ತಂದು ಕೊಡುತ್ತೇವೆ. ಯಾರಿಗೆ ಅಂತ ಮಾತ್ರ ಕೇಳಬೇಡಿ.