ಬಾಯಿ ಕಟ್ಟು ಅನ್ನುವವರಿಗೆ

ಹೋದ ಶ್ರಾವಣದಲ್ಲಿ ಧಾರವಾಡದ ಒಂದು ಮನೆಗೆ ತೊಟ್ಟಿಲ ಕಾರ್ಯಕ್ಕೆ ಹೋಗಿದ್ದೆ. ಊಟ ಮುಗಿದು ಪೇಡೆಯ ಡಬ್ಬಿ ಕೈಯಿಂದ ಕೈಗೆ ಸಾಗುತ್ತಿತ್ತು. ಮಗುವಿನ ಅಜ್ಜಿ, ಅರವತ್ತರ ಆಸುಪಾಸಿನಾಕೆ, ನಸುಕಿನಲ್ಲೆದ್ದು ಅಷ್ಟೂ ಜನರ ಅಡಿಗೆಗೆ ನಿಂತಾಕೆ, ಆಗಷ್ಟೇ ಕೂತು ಒಂದು ಪೇಡೆ ಎತ್ತಿಕೊಂಡಳು. ಪಡಸಾಲೆಯ ಆ ತುದಿಯಿಂದ ಮಗನ ಧ್ವನಿ ಬಂತು: “ಅವ್ವಾ, ಶುಗರ್ ಐತಿ, ನೆನಪೈತಿಲ್ಲೋ? ಸ್ವಲ್ಪ ಬಾಯಿ ಕಟ್ಟು!” ನಾಲ್ಕು ಜನ ನಕ್ಕರು. ಆಕೆಯೂ ನಕ್ಕಳು. ಪೇಡೆ ಡಬ್ಬಿಗೆ ಮರಳಿತು. ಹಾಗೆಂದ ಮಗನ ಎಲೆಗೆ ಅದಕ್ಕೂ ಮೊದಲು ಮೂರು ಹೋಳಿಗೆ ಬಿದ್ದಿದ್ದವು. ಬಡಿಸಿದವಳು ನಾನೇ.

ನನಗೆ ಅವನ ಮೇಲೆ ಸಿಟ್ಟು ಬಂತು. ಆದರೆ ಅವನನ್ನು ಬೈಯುವ ಮುಖ ನನಗೆಲ್ಲಿದೆ? ಇದೇ ಮಾತನ್ನು ನನ್ನ ಅವ್ವನಿಗೆ ನಾನು ಇದಕ್ಕಿಂತ ಜೋರಾಗಿ ಅಂದಿದ್ದೇನೆ. ಅದನ್ನು ಹೇಳಿಕೊಂಡೇ ಮುಂದಿನ ಜಗಳಕ್ಕೆ ಇಳಿಯಬೇಕು.

ನನ್ನ ತವರು ಗರಗ. ಮಡಿವಾಳೇಶ್ವರರ ಮಠದಿಂದ ಸುತ್ತಲಿನ ಹಳ್ಳಿಗಳಿಗೆ ಗೊತ್ತು. ರಾಷ್ಟ್ರಧ್ವಜಕ್ಕೆ ಬೇಕಾದ ಖಾದಿ ಬಟ್ಟೆಯಿಂದ ದೇಶಕ್ಕೆ ಗೊತ್ತು. ಆ ಖಾದಿಗೆ ನೂಲು ತೆಗೆದ ಹೆಂಗಸರಲ್ಲಿ ನಮ್ಮವ್ವನೂ ಒಬ್ಬಳು. ನಸುಕಿನಲ್ಲಿ ಎದ್ದು ಒಂದು ವಾಟಿ ಚಹಾ, ಎರಡು ಚಮಚ ಸಕ್ಕರೆ. ಆಮೇಲೆ ಮನೆಮಂದಿಗೆಲ್ಲ ರೊಟ್ಟಿ ಬಡಿಯುವುದು. ಮತ್ತೆ ಚಹಾ, ಅದರ ಸಂಗಡ ನಿನ್ನೆಯ ಕಟಕ ರೊಟ್ಟಿ. ಆಮೇಲೆ ರಾಟಿ. ಮಧ್ಯಾಹ್ನ ಮನೆಗೆ ಬಂದು, ಗಂಡಸರು ಮಕ್ಕಳು ಉಂಡೆದ್ದ ಮೇಲೆ ತಾನು ಕೂರುವುದು. ಅಷ್ಟೊತ್ತಿಗೆ ಕಾಳಿನ ಪಲ್ಲೆಯ ಬೋಗುಣಿ ಬಳಿದಾಗಿರುತ್ತಿತ್ತು, ಮೊಸರಿನ ಗಡಿಗೆ ತೊಳೆದಾಗಿರುತ್ತಿತ್ತು. ರೊಟ್ಟಿ ಮಾತ್ರ ಉಳಿದಿರುತ್ತಿತ್ತು, ರೊಟ್ಟಿ ಯಾರಿಗೂ ಕಡಿಮೆಯಾಗದಂತೆ ಬಡಿದವಳು ಅವಳೇ ಅಲ್ಲವೇ. ರೊಟ್ಟಿ, ಖಾರ, ನೀರು ಮಜ್ಜಿಗೆ. ಸಂಜೆಗೆ ಮತ್ತೆ ಚಹಾ.

1996ರಲ್ಲಿ ಅವಳಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾಯಿತು. ಡಾಕ್ಟರರು ಗುಳಿಗೆ ಬರೆದುಕೊಟ್ಟು, “ಬಾಯಿ ಕಟ್ಟಬೇಕು ನೋಡವ್ವಾ” ಎಂದರು. ನೀನು ಎಷ್ಟೊತ್ತಿಗೆ ಉಣ್ಣುತ್ತೀ, ಏನು ಉಣ್ಣುತ್ತೀ ಎಂದು ಅವರೂ ಕೇಳಲಿಲ್ಲ, ನಾವೂ ಕೇಳಲಿಲ್ಲ.

1999ರ ಪಂಚಮಿಗೆ ತವರಿಗೆ ಹೋಗಿದ್ದೆ. ಮನೆತುಂಬ ಉಂಡಿ ಕಟ್ಟುವ ಗದ್ದಲ. ಏನೋ ಹುಡುಕುತ್ತ ಅವ್ವನ ಹಂಜಿ ಚೀಲಕ್ಕೆ ಕೈ ಹಾಕಿದರೆ, ಅರಿವೆಯ ತುಂಡಿನಲ್ಲಿ ಗಂಟು ಕಟ್ಟಿದ ಬೆಲ್ಲದ ಚೂರುಗಳು! ವೈನಿಯರ ಎದುರಿಗೆ ಅದನ್ನು ಎತ್ತಿ ಹಿಡಿದು, “ನೋಡ್ರಿ ನಮ್ಮವ್ವನ ಬಾಯಿಚಪಲಾ, ಕದ್ದು ತಿಂತಾಳ” ಎಂದೆ. ಅವ್ವನ ಮುಖ ಸಣ್ಣದಾಯಿತು. “ಹೊತ್ತು ಏರಿದಂಗ ಕೈ ನಡಗತಾವವಾ, ಕಣ್ಣಿಗೆ ಕತ್ತಲಿ ಬರತೈತಿ. ಒಂದು ಚೂರು ಬಾಯಾಗ ಇಟಗೊಂಡರ ನಿಂದರತೈತಿ” ಅಂದಳು. “ನೆಪಾ ಭಾಳ ಚೊಲೋ ಐತಿ ಬಿಡು” ಎಂದು ನಾನು ನಕ್ಕೆ.

ಆವತ್ತಿನಿಂದ ಚೀಲದಲ್ಲಿ ಬೆಲ್ಲ ಇರಲಿಲ್ಲ. ದೀಪಾವಳಿ ಕಳೆದು ಕೆಲವು ದಿನಕ್ಕೆ ಅವ್ವ ಮಧ್ಯಾಹ್ನ ಮನೆಗೆ ಬರುವ ದಾರಿಯಲ್ಲಿ ಬಿದ್ದಳು. ಎತ್ತಿದವರು, ಮೈಯೆಲ್ಲ ಬೆವರಿನಿಂದ ತೊಯ್ದಿತ್ತು, ಏನು ಕೇಳಿದರೂ ತೊದಲುತ್ತಿದ್ದಳು ಎಂದರು. ಚಪ್ಪೆಯ ಎಲುಬು ಮುರಿದಿತ್ತು. ಆಸ್ಪತ್ರೆಯಲ್ಲಿ ಇನ್ನೊಬ್ಬ ಡಾಕ್ಟರರು ಮೊದಲು ಕೇಳಿದ್ದೇ, “ಗುಳಿಗಿ ತಗೊಂಡು ಎಷ್ಟೊತ್ತಿಗೆ ಊಟಾ ಮಾಡ್ತಾರ?” ಎಂದು. ಸಕ್ಕರೆ ಕಾಯಿಲೆಯ ಕೆಲವು ಗುಳಿಗೆಗಳು, ಉಣ್ಣಲಿ ಬಿಡಲಿ, ದೇಹದಿಂದ ಇನ್ಸುಲಿನ್ ಹೊರಡಿಸುತ್ತವೆ. ಊಟ ತಡವಾದರೆ ರಕ್ತದ ಸಕ್ಕರೆ ಬೇಕಾದ್ದಕ್ಕಿಂತ ಕೆಳಗೆ ಇಳಿಯುತ್ತದೆ. ಆಗ ಕೈ ನಡುಕ, ಬೆವರು, ಕಣ್ಣುಕತ್ತಲೆ. ಅದಕ್ಕೆ ಕೂಡಲೇ ಕೊಡಬೇಕಾದ ಔಷಧವೇ ಸಕ್ಕರೆ ಅಥವಾ ಬೆಲ್ಲ. ನಾನು ಎತ್ತಿ ಹಿಡಿದು ನಕ್ಕಿದ್ದು ಅವ್ವನ ಔಷಧವನ್ನು. ಅವಳು ಮತ್ತೆ ರಾಟಿಯ ಮುಂದೆ ಕೂರಲಿಲ್ಲ.

ಈಗ ನೀವು ಅನ್ನಬಹುದು: ಅದು ಕಾಯಿಲೆಯ ಮಾತಾಯಿತು, ಪೇಡೆಗೆ ಕೈ ಚಾಚುವುದು ಬರೀ ಚಪಲವೇ ಅಲ್ಲವೇ? ನಾನೂ ಹಾಗೇ ತಿಳಿದಿದ್ದೆ. ಆಮೇಲೆ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ಓದಿದಷ್ಟೂ ಆ ಶಬ್ದವನ್ನು ಆಡಲು ನಾಚಿಕೆಯಾಗತೊಡಗಿತು.

ಮಿದುಳು ತೂಕದಲ್ಲಿ ದೇಹದ ಐವತ್ತರಲ್ಲಿ ಒಂದು ಪಾಲು. ಆದರೆ ನಾವು ಸುಮ್ಮನೆ ಕೂತಾಗ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಐದರಲ್ಲಿ ಒಂದು ಪಾಲನ್ನು ಅದೇ ನುಂಗುತ್ತದೆ. ಅದರ ಮುಖ್ಯ ಆಹಾರ ಗ್ಲೂಕೋಸು. ದಿನಕ್ಕೆ ಸುಮಾರು 120 ಗ್ರಾಂ ಬೇಕು. ರೊಟ್ಟಿ, ಅನ್ನ, ಬೆಲ್ಲ, ಅವಲಕ್ಕಿ, ಇವುಗಳಲ್ಲಿರುವ ಶರ್ಕರಪಿಷ್ಟವೇ ಕೊನೆಗೆ ಗ್ಲೂಕೋಸಾಗುವುದು. ಹೀಗಿರುವಾಗ ಪಿಷ್ಟ ಎಲ್ಲಿದೆ ಎಂದು ಪತ್ತೆ ಹಚ್ಚುವ ಕಾವಲುಗಾರರನ್ನು ದೇಹ ಇಟ್ಟುಕೊಂಡಿರುವುದರಲ್ಲಿ ಆಶ್ಚರ್ಯವೇನು?

ಮೊದಲ ಕಾವಲು ಬಾಯಲ್ಲೇ ಇದೆ. 2004ರಲ್ಲಿ ಇಂಗ್ಲೆಂಡಿನಲ್ಲಿ ಸೈಕಲ್ ಸವಾರರಿಗೆ ಪಿಷ್ಟದ ನೀರು ಕೊಟ್ಟು, ನುಂಗಬೇಡಿ, ಬಾಯಿ ಮುಕ್ಕಳಿಸಿ ಉಗುಳಿ ಎಂದರು. ಹೊಟ್ಟೆಗೆ ಒಂದು ಹನಿಯೂ ಇಳಿಯಲಿಲ್ಲ. ಆದರೂ ಸುಮಾರು ಒಂದು ತಾಸಿನ ಓಟದಲ್ಲಿ ಅವರು ಬರೀ ನೀರು ಮುಕ್ಕಳಿಸಿದಾಗಿಗಿಂತ ಬೇಗ ಗುರಿ ಮುಟ್ಟಿದರು. 2009ರಲ್ಲಿ ಮಿದುಳಿನ ಚಿತ್ರ ತೆಗೆದು ನೋಡಿದರೆ, ಬಾಯಿಗೆ ಪಿಷ್ಟ ತಾಗಿದೊಡನೆ ಇನಾಮು ಸಿಕ್ಕಾಗ ಎಚ್ಚರಗೊಳ್ಳುವ ಭಾಗಗಳು ಎಚ್ಚರಗೊಂಡಿದ್ದವು. ರುಚಿಗಷ್ಟೇ ಸಿಹಿಯಾದ ಸ್ಯಾಕರಿನ್ನಿಗೆ ಅವು ಹಾಗೆ ಮಿಸುಕಲಿಲ್ಲ.

ಎರಡನೆಯ ಕಾವಲು ಹೊಟ್ಟೆಯೊಳಗೆ. 2008ರಲ್ಲಿ, ಸಿಹಿಯ ರುಚಿಯೇ ತಿಳಿಯದಂತೆ ಬೆಳೆಸಿದ ಇಲಿಗಳ ಮುಂದೆ ಸಕ್ಕರೆ ನೀರನ್ನೂ ಬರೀ ನೀರನ್ನೂ ಇಟ್ಟರು. ನಾಲ್ಕಾರು ದಿನಗಳಲ್ಲಿ ಅವು ಸಕ್ಕರೆ ನೀರಿಗೇ ಒಲಿದವು. ಅವುಗಳ ಮಿದುಳಿನಲ್ಲಿ ಡೋಪಮಿನ್ ಏರಿತ್ತು. ಈ ಡೋಪಮಿನ್ ಎಂಬುದು ಮಿದುಳು ತನಗೆ ತಾನೇ ಬರೆದುಕೊಳ್ಳುವ ಚೀಟಿ: ಇದು ಒಳ್ಳೆಯದು, ಎಲ್ಲಿ ಸಿಕ್ಕಿತೋ ನೆನಪಿಡು, ಮತ್ತೆ ಹುಡುಕು. ನಾಲಿಗೆಗೆ ರುಚಿಯೇ ಗೊತ್ತಿಲ್ಲದ ಇಲಿಗೆ ಯಾವ ನಾಲಿಗೆಚಪಲ, ನೀವೇ ಹೇಳಿ.

ಇನ್ನು ನಮ್ಮ ಪೇಡೆ. 2018ರ ಒಂದು ಪ್ರಯೋಗದಲ್ಲಿ, ಸಮನಾದ ಶಕ್ತಿಯುಳ್ಳ ತಿನಿಸುಗಳನ್ನು ತೋರಿಸಿ ಯಾವುದಕ್ಕೆ ಎಷ್ಟು ಹಣ ಕೊಡುತ್ತೀರಿ ಎಂದು ಜನರನ್ನು ಕೇಳಿದರು. ಬರೀ ಜಿಡ್ಡಿನದಕ್ಕೂ ಬರೀ ಪಿಷ್ಟದ್ದಕ್ಕೂ ಕೊಡದಷ್ಟು ಹಣವನ್ನು, ಎರಡೂ ಕೂಡಿದ ತಿನಿಸಿಗೆ ಕೊಡಲು ಅವರು ತಯಾರಾದರು. ಮಿದುಳಿನ ಇನಾಮಿನ ಭಾಗವೂ ಅದಕ್ಕೇ ಹೆಚ್ಚು ಕುಣಿಯಿತು. ಜೋಳದಲ್ಲಿ ಪಿಷ್ಟವಿದೆ, ಶೇಂಗಾದಲ್ಲಿ ಜಿಡ್ಡಿದೆ. ಎರಡೂ ಹೊಂದಿಕೊಂಡು ಸಿಗುವುದು ಸೃಷ್ಟಿಯಲ್ಲಿ ಅಪರೂಪ, ತಾಯಿಯ ಹಾಲಿನಲ್ಲಿ ಬಿಟ್ಟರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಉನ್ನಾವ್ ಕಡೆಯಿಂದ ಬಂದ ಠಾಕೂರ್ ಮನೆತನ ಧಾರವಾಡಕ್ಕೆ ತಂದ ಪೇಡೆ, ಹಾಲನ್ನು ಬತ್ತಿಸಿ ಸಕ್ಕರೆ ಕೂಡಿಸಿ ಹದವಾಗಿ ಹುರಿದದ್ದು. ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಬಂತು. ಅಂಥ ಪೇಡೆಯನ್ನು ಕಂಡು ಕೈ ಮುಂದೆ ಹೋಗದಿದ್ದರೆ ಆ ದೇಹದಲ್ಲೇ ಏನೋ ಊನವಿರಬೇಕು! ಗಂಡಸರ ಕೈಯೂ ಹೋಗುತ್ತದೆ. ಅವರದಕ್ಕೆ ಮಾತ್ರ ಚಪಲವೆಂದು ಹೆಸರಿಲ್ಲ.

ನನ್ನ ಜಗಳ ಇಲ್ಲಿದೆ. ಮಿದುಳು ಕೇಳುವುದು ಇನಾಮನ್ನು. ನಮ್ಮ ಮನೆಯ ಹೆಂಗಸಿನ ದಿನದಲ್ಲಿ ಇನಾಮು ಅನ್ನುವುದು ಬೇರೆ ಏನಿದೆ? ಸಂಜೆ ಕಟ್ಟೆಯ ಮೇಲೆ ಕೂತು ಹರಟಲು ಹೊತ್ತಿದೆಯೇ? ಬೆಳಿಗ್ಗೆ ತಿರುಗಾಡಲು ಹೊರಟರೆ ಚಹಾ ಮಾಡುವವರು ಯಾರು? ಹಗಲು ಅರ್ಧ ತಾಸು ಅಡ್ಡಾದರೆ ಸೋಮಾರಿ, ಪುಸ್ತಕ ಹಿಡಿದರೆ ಮನೆಗೆಲಸ ಬಿಟ್ಟವಳು. ಉಳಿದದ್ದು ಒಲೆಯ ಮುಂದೆ ನಿಂತೇ ಕುಡಿಯುವ ಒಂದು ವಾಟಿ ಚಹಾ, ಡಬ್ಬಿಯ ತಳದ ಒಂದು ಉಂಡಿ. ಅದನ್ನೂ ಕಸಿದುಕೊಂಡು ಬಾಯಿ ಕಟ್ಟು ಎಂದರೆ, ಅದರ ಬದಲಿಗೆ ಕೊಟ್ಟಿರೇನು? ಬಾಯಿ ಕಟ್ಟಿಕೊಂಡೇ ಬದುಕಿದವಳಿಗೆ ಇನ್ನೆಷ್ಟು ಕಟ್ಟಲು ಹೇಳುತ್ತೀರಿ?

ಹಾಗಾದರೆ ತಿಂದದ್ದೆಲ್ಲ ಸರಿಯೇ? ಅಲ್ಲ. ನಾನು ಸಕ್ಕರೆಯ ವಕೀಲಳಲ್ಲ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯ ಅಂದಾಜಿನಂತೆ ನಮ್ಮ ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ. ಏರಿದ ಸಕ್ಕರೆ ಕಣ್ಣು, ಮೂತ್ರಪಿಂಡ, ಕಾಲಿನ ನರಗಳನ್ನು ಸದ್ದಿಲ್ಲದೆ ತಿನ್ನುತ್ತದೆ. ಆದರೆ ಅದೇ ಸಮೀಕ್ಷೆಯಿಂದ 2025ರಲ್ಲಿ ಬಂದ ಇನ್ನೊಂದು ವರದಿ ನಮ್ಮ ಹೆಂಗಸರು ಓದಲೇಬೇಕಾದದ್ದು. ನಾವು ಭಾರತೀಯರು ಉಣ್ಣುವ ಶಕ್ತಿಯಲ್ಲಿ ನೂರಕ್ಕೆ 62ರಷ್ಟು ಪಿಷ್ಟದಿಂದಲೇ ಬರುತ್ತದಂತೆ. ಅನ್ನ ಬಿಟ್ಟು ಗೋದಿ ಹಿಟ್ಟಿಗೋ ಸಿರಿಧಾನ್ಯದ ಹಿಟ್ಟಿಗೋ ಬದಲಾಯಿಸಿದ ಮಾತ್ರಕ್ಕೆ ಕಾಯಿಲೆಯ ಭಯ ತಗ್ಗಿದ್ದು ಕಾಣಲಿಲ್ಲ. ಪಿಷ್ಟವನ್ನು ಒಂದಿಷ್ಟು ಕಡಿಮೆ ಮಾಡಿ ಆ ಜಾಗಕ್ಕೆ ಬೇಳೆಕಾಳು, ಹಾಲು ಮೊಸರಿನ ಪ್ರೋಟೀನು ಬಂದ ಕಡೆ ಭಯ ತಗ್ಗಿದ್ದು ಕಂಡಿತು. ಆದ್ದರಿಂದ ಸಿರಿಧಾನ್ಯ ತಿಂದರೆ ಸಕ್ಕರೆ ಓಡಿಹೋಗುತ್ತದೆ ಎಂದು ಮಾರುವವರನ್ನೂ ನಂಬಬೇಡಿ, ರೊಟ್ಟಿಯೇ ವಿಷ ಎಂದು ಮೊಬೈಲಿನಲ್ಲಿ ಹೆದರಿಸುವವರನ್ನೂ ನಂಬಬೇಡಿ.

ಅಂದರೆ ತಪ್ಪಿದ್ದು ನಮ್ಮವ್ವನ ಬಾಯಿಯಲ್ಲಲ್ಲ, ತಾಟಿನಲ್ಲಿ. ಅವಳ ಪಾಲಿನ ಕಾಳು ಮೊಸರನ್ನು ನಾವು ಉಂಡು, ಪಿಷ್ಟವನ್ನಷ್ಟೇ ಅವಳಿಗೆ ಬಿಟ್ಟು, ಆಮೇಲೆ ಪಿಷ್ಟ ತಿಂದಳೆಂದು ಅವಳನ್ನೇ ಬೈದೆವು.

ಈಗ ನಮ್ಮ ಮನೆಯಲ್ಲಿ ನಡೆಸಿಕೊಂಡಿದ್ದನ್ನು ಹೇಳಿ ಮುಗಿಸುತ್ತೇನೆ. ಹೆಂಗಸರು ಎಲ್ಲರ ಸಂಗಡವೇ ಕೂರಬೇಕು, ಬೇಕಾದರೆ ರೊಟ್ಟಿ ತಣ್ಣಗಾಗಲಿ. ತಾಟಿಗೆ ಮೊದಲು ಕಾಳಿನ ಪಲ್ಲೆ, ಹಸಿ ತಪ್ಪಲು, ಮೊಸರು. ಅದನ್ನು ಅರ್ಧ ಉಂಡ ಮೇಲೆ ರೊಟ್ಟಿ ಅನ್ನ. ಹೀಗೆ ಉಂಡರೆ ಊಟದ ನಂತರ ಸಕ್ಕರೆ ಏರುವುದು ಕಡಿಮೆ. ಗುಳಿಗೆ ತೆಗೆದುಕೊಳ್ಳುವ ಅತ್ತೆಯವರ ಊಟದ ಹೊತ್ತು ತಪ್ಪುವಂತಿಲ್ಲ, ದೇವರ ಪೂಜೆ ಇದ್ದರೂ ಬೀಗರು ಬಂದರೂ. ಅವರ ಗುಳಿಗೆಯ ಪಕ್ಕದಲ್ಲೇ ಸಕ್ಕರೆಯ ಡಬ್ಬಿ ಎಲ್ಲರಿಗೂ ಕಾಣುವಂತೆ ಇದೆ. ಕೈ ನಡುಗಿದರೆ ಮೂರು ಚಮಚ, ಕಾಲು ತಾಸು ಕಾಯುವುದು, ಆಮೇಲೆ ಊಟ. ಕದಿಯುವ ಗರಜಿಲ್ಲ. ಹಬ್ಬದ ದಿನ ಊಟದ ಕೊನೆಗೆ ಅರ್ಧ ಪೇಡೆ, ಕೂತು, ಎಲ್ಲರೆದುರಿಗೆ. ಸಂಜೆಯ ಒಂದು ತಾಸು ಅವರದು. ಆ ಹೊತ್ತಿನ ಚಹಾ ನನ್ನ ಮಗ ಮಾಡುತ್ತಾನೆ. ಮೊದಮೊದಲು ಗೊಣಗಿದ, ಈಗ ರೂಢಿಯಾಗಿದೆ.

ಆವತ್ತು ತೊಟ್ಟಿಲ ಮನೆಯಲ್ಲಿ ಡಬ್ಬಿ ನನ್ನ ಕೈಗೆ ಬಂದಾಗ ಒಂದು ಪೇಡೆ ಮುರಿದು, ಅರ್ಧವನ್ನು ಆ ಅಜ್ಜಿಯ ಕೈಯಲ್ಲಿಟ್ಟೆ. “ಊಟಾ ಆತಿಲ್ಲೋ ನಿಮ್ಮದು?” ಎಂದು ಕೇಳಿದೆ. “ಇನ್ನೂ ಇಲ್ಲವಾ” ಅಂದಳು. ಹೊತ್ತು ಮೂರೂವರೆ ಆಗಿತ್ತು. ಮಗನನ್ನು ಕರೆದು, “ಮೊದಲ ನಿಮ್ಮವ್ವಗ ತಾಟು ಹಚ್ಚಪಾ, ಕಾಳಿನ ಪಲ್ಲೆ ಉಳದೈತೇನ ನೋಡು, ಆಮ್ಯಾಲ ಬಾಯಿ ಕಟ್ಟೂ ಮಾತಾಡೋಣು” ಎಂದೆ.