ಬೋರ್ಗ್‌ಗೆ ಸೈಬರ್‌ಮನ್ ಅಜ್ಜನಂತೆ: ಈ ನೆಂಟಸ್ತನ ನಾವು ಒಪ್ಪಲ್ಲ

ಮೊದಲೇ ಹೇಳಿಬಿಡುತ್ತೇವೆ, ಇದು ತಮಾಷೆಯ ವಿಷಯ. ಆದರೂ ನಮ್ಮ ಬಳಗದಲ್ಲಿ ಇದರ ಮೇಲೆ ಮೂರು ದಿನ ಜಗಳ ನಡೆದಿದೆ. ಒಬ್ಬರು ಸಿಟ್ಟಾಗಿ ಗ್ರೂಪ್ ಬಿಟ್ಟು ಹೋಗಿ, ಊಟದ ಹೊತ್ತಿಗೆ ಮತ್ತೆ ಸೇರಿಕೊಂಡರು. ಹಾಗಾಗಿ ನಿಮ್ಮ ಮುಂದೆ ಪಂಚಾಯಿತಿಗೆ ಇಡುತ್ತಿದ್ದೇವೆ.

ಇಂಗ್ಲೆಂಡಿನಲ್ಲಿ 'ಡಾಕ್ಟರ್ ಹೂ' ಅಂತ ಒಂದು ಧಾರಾವಾಹಿ ಇದೆ. ಹೂವಿಗೂ ಇದಕ್ಕೂ ಸಂಬಂಧವಿಲ್ಲ, ಇಂಗ್ಲಿಷಿನಲ್ಲಿ 'ಹೂ' ಅಂದರೆ 'ಯಾರು'. ಬಿಬಿಸಿ ಇದನ್ನು 1963ರ ನವೆಂಬರ್ 23ರಂದು ಶುರು ಮಾಡಿತು. ಮೊದಲ ಕಥೆಯನ್ನು ನಿರ್ದೇಶಿಸಿದ ವಾರಿಸ್ ಹುಸೇನ್ ಹುಟ್ಟಿದ್ದು ನಮ್ಮ ಲಖನೌದಲ್ಲಿ. ಕಥಾನಾಯಕ 'ಡಾಕ್ಟರ್' ಬೇರೆ ಗ್ರಹದವನು. ನೀಲಿ ಬಣ್ಣದ ಪೊಲೀಸ್ ಡಬ್ಬಿಯೊಳಗೆ ಹೊಕ್ಕರೆ ಸಾಕು, ಹಿಂದಿನ ಕಾಲಕ್ಕೂ ಹೋಗುತ್ತಾನೆ, ಮುಂದಿನ ಕಾಲಕ್ಕೂ ಹೋಗುತ್ತಾನೆ. ಒಬ್ಬ ನಟ ಬಿಟ್ಟು ಹೋದರೆ ಡಾಕ್ಟರ್ ಹೊಸ ಮೈ ಪಡೆದು ಇನ್ನೊಬ್ಬ ನಟನಾಗಿ ಎದ್ದು ಕೂರುತ್ತಾನೆ.

ಇನ್ನೊಂದು ಅಮೆರಿಕದ 'ಸ್ಟಾರ್ ಟ್ರೆಕ್'. 1966ರ ಸೆಪ್ಟೆಂಬರ್ 8ರಂದು ಎನ್‌ಬಿಸಿಯಲ್ಲಿ ಶುರುವಾದದ್ದು. ನಮ್ಮ ದೂರದರ್ಶನದಲ್ಲೂ 80ರ ದಶಕದಲ್ಲಿ ಬಂದಿತ್ತು. ಆಗ ಊರಲ್ಲಿ ಟಿವಿ ಇದ್ದ ಮನೆಯವರಿಗೆ ಚೂಪು ಕಿವಿಯ ಸ್ಪಾಕ್ ನೆನಪಿರಬಹುದು.

ಈಗ ಜಗಳದ ಮೂಲಕ್ಕೆ ಬರೋಣ. ಡಾಕ್ಟರ್ ಹೂನಲ್ಲಿ ಸೈಬರ್‌ಮನ್ ಅನ್ನೋ ಖಳರಿದ್ದಾರೆ. ಮೊದಲು ನಮ್ಮಂಥ ಮನುಷ್ಯರೇ. ಕೈ ಹೋದರೆ ಕಬ್ಬಿಣದ ಕೈ, ಎದೆ ಹೋದರೆ ಯಂತ್ರದ ಎದೆ ಅಂತ ಒಂದೊಂದೇ ಭಾಗ ಬದಲಿಸುತ್ತಾ ಹೋಗಿ, ಕೊನೆಗೆ ಅಳು ನಗು ಎರಡನ್ನೂ ಕಿತ್ತು ಎಸೆದವರು. ಸಿಕ್ಕಿದವರನ್ನೆಲ್ಲ ತಮ್ಮಂತೆಯೇ ಮಾಡುತ್ತಾರೆ. ಸ್ಟಾರ್ ಟ್ರೆಕ್‌ನಲ್ಲಿ ಬೋರ್ಗ್ ಅನ್ನೋರಿದ್ದಾರೆ. ಅರ್ಧ ಮಾಂಸ, ಅರ್ಧ ಯಂತ್ರ. ಅವರೂ ಸಿಕ್ಕಿದವರನ್ನೆಲ್ಲ ತಮ್ಮಂತೆಯೇ ಮಾಡುತ್ತಾರೆ. ಸೈಬರ್‌ಮನ್ ಮೊದಲು ಕಾಣಿಸಿಕೊಂಡದ್ದು 1966ರ ಅಕ್ಟೋಬರ್‌ನಲ್ಲಿ, ಬೋರ್ಗ್ 1989ರ ಮೇ ತಿಂಗಳಲ್ಲಿ. ಇಷ್ಟು ಸಾಕಲ್ಲ ಅಭಿಮಾನಿಗಳಿಗೆ! ಸೈಬರ್‌ಮನ್ನರೇ ಮುಂದೆ ಬೋರ್ಗ್ ಆದರು, ಎರಡು ಧಾರಾವಾಹಿಗಳದ್ದೂ ಒಂದೇ ಬ್ರಹ್ಮಾಂಡ ಅಂತ ಜಾತಕ ಬರೆದುಬಿಟ್ಟರು.

ಅವರ ಬಳಿ ಸಾಕ್ಷಿಯೂ ಉಂಟು, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. 1988ರಲ್ಲಿ ಬಂದ ಸ್ಟಾರ್ ಟ್ರೆಕ್‌ನ ಒಂದು ಕಂತಿನಲ್ಲಿ ಗಡಿಯ ಠಾಣೆಗಳು ಗುರುತು ಸಿಗದಂತೆ ಮಾಯವಾಗುತ್ತವೆ. ಅದು ಬೋರ್ಗ್‌ಗಳ ಕೆಲಸ ಅಂತ ಮುಂದಿನ ವರ್ಷ ಗೊತ್ತಾಗುತ್ತದೆ. ಅದೇ ಕಂತಿನಲ್ಲಿ ಒಬ್ಬ ಹೆಂಗಸಿನ ವಂಶವೃಕ್ಷ ಕಂಪ್ಯೂಟರ್ ಪರದೆ ಮೇಲೆ ಮೂಡುತ್ತದೆ. ಅದರಲ್ಲಿದ್ದ ಹೆಸರುಗಳು ಯಾರವು ಗೊತ್ತಾ? ವಿಲಿಯಂ ಹಾರ್ಟ್‌ನೆಲ್, ಪ್ಯಾಟ್ರಿಕ್ ಟ್ರೌಟನ್, ಟಾಮ್ ಬೇಕರ್. ಎಲ್ಲರೂ ಡಾಕ್ಟರ್ ಪಾತ್ರ ಮಾಡಿದ ನಟರು! ಬೋರ್ಗ್‌ಗಳ ಮೊದಲ ಸುಳಿವು ಕೊಟ್ಟ ಕಂತಿನಲ್ಲೇ ಡಾಕ್ಟರನ ವಂಶಾವಳಿ. ನಮ್ಮಲ್ಲೂ ಇಬ್ಬರು ಇದನ್ನು ಕೇಳಿದ ಕೂಡಲೇ ಆ ಕಡೆಗೆ ವಾಲಿದರು.

ನಾವು ಉಳಿದವರು ವಾಲಲಿಲ್ಲ. ಕಾರಣ ಹೇಳುತ್ತೇವೆ, ಕೇಳಿ.

ಮೊದಲನೆಯದು, ಸ್ಪಾಕ್. 2005ರ ಡಾಕ್ಟರ್ ಹೂ ಕಂತೊಂದರಲ್ಲಿ ಡಾಕ್ಟರನ ಜೊತೆಗಾತಿ ರೋಸ್ ಅವನನ್ನು ಇನ್ನೊಬ್ಬರಿಗೆ ಪರಿಚಯ ಮಾಡಿಸುವಾಗ ಚೇಷ್ಟೆಗೆ 'ಮಿಸ್ಟರ್ ಸ್ಪಾಕ್' ಅನ್ನುತ್ತಾಳೆ. ಅಂದರೆ ಡಾಕ್ಟರನ ಲೋಕದಲ್ಲಿ ಸ್ಟಾರ್ ಟ್ರೆಕ್ ಅನ್ನೋದು ಟಿವಿಯಲ್ಲಿ ಬರುವ ಧಾರಾವಾಹಿ. ಟಿವಿಯೊಳಗಿನ ಬೋರ್ಗ್‌ಗೆ ಟಿವಿ ಮುಂದೆ ಕೂತವನು ಅಜ್ಜ ಆಗುವುದು ಹೇಗೆ? ವಂಶವೃಕ್ಷದಲ್ಲಿ ನಟರ ಹೆಸರು ಬರೆದದ್ದು ಪರದೆ ತಯಾರಿಸಿದವರ ಕಿಡಿಗೇಡಿತನ. ಶಾಲೆಯ ಬೆಂಚಿನ ಮೇಲೆ ನಟನ ಹೆಸರು ಕೆತ್ತಿದರೆ ಆ ನಟ ಅದೇ ಶಾಲೆಯಲ್ಲಿ ಓದಿದ ಅಂತಾಗುತ್ತದಾ?

ಎರಡನೆಯದು, ಪಂಚಾಂಗ ಕೂಡುವುದಿಲ್ಲ. ಸೈಬರ್‌ಮನ್ನರ ಮೊದಲ ಕಥೆ ನಡೆಯುವುದು 1986ರಲ್ಲಿ. ಭೂಮಿಯ ಅವಳಿಯಾದ ಮೊಂಡಾಸ್ ಅನ್ನೋ ಗ್ರಹ ಆಕಾಶದಲ್ಲಿ ಬಂದು ನಿಲ್ಲುತ್ತದೆ. ಸ್ಟಾರ್ ಟ್ರೆಕ್‌ನ ಲೆಕ್ಕದಲ್ಲಿ ಖಾನ್ ನೂನಿಯನ್ ಸಿಂಗ್ ಅನ್ನೋ ಸರ್ವಾಧಿಕಾರಿ 1992ರಿಂದ 1996ರವರೆಗೆ ಭೂಮಿಯ ಕಾಲು ಭಾಗಕ್ಕೂ ಹೆಚ್ಚು ಜಾಗ ಆಳುತ್ತಾನೆ. ಅವನು ಉತ್ತರ ಭಾರತದವನಂತೆ, ಪಾತ್ರ ಮಾಡಿದ್ದು ಮೆಕ್ಸಿಕೋದಲ್ಲಿ ಹುಟ್ಟಿದ ನಟ. ಎರಡೂ ಒಂದೇ ಲೋಕವಾಗಿದ್ದರೆ ಖಾನನ ಕಥೆಯಲ್ಲಿ ಯಾರಾದರೂ 'ಆರು ವರ್ಷದ ಹಿಂದೆ ಇನ್ನೊಂದು ಭೂಮಿ ಬಂದಿತ್ತಲ್ಲ' ಅಂತ ನೆನೆಸಿಕೊಳ್ಳಬೇಕಿತ್ತು. ಯಾರೂ ಸೊಲ್ಲೆತ್ತುವುದಿಲ್ಲ. 1986ರಲ್ಲಿ ಆಕಾಶದಲ್ಲಿ ಏನು ಬಂತು ಅಂತ ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ. ಹ್ಯಾಲಿ ಧೂಮಕೇತು ಅನ್ನುತ್ತಾರೆ.

ಮೂರನೆಯದು, ಬೋರ್ಗ್ ಹುಟ್ಟಿದ ಬಗೆ. ಅವರನ್ನು ಯೋಚಿಸಿದ ಮಾರಿಸ್ ಹರ್ಲಿ ಮೊದಲು ಬಯಸಿದ್ದು ಕೀಟಗಳಂಥ ಜೀವಿಗಳನ್ನು. ಕೀಟ ಮಾಡುವಷ್ಟು ದುಡ್ಡಿರಲಿಲ್ಲ, ಮನುಷ್ಯರಿಗೇ ಪೈಪು ವೈರು ಅಂಟಿಸಿದರು. ಜೇನುಗೂಡಿನಂತೆ ಎಲ್ಲರಿಗೂ ಒಂದೇ ಮನಸ್ಸು ಅನ್ನೋದು ಆ ಕೀಟದಿಂದ ಉಳಿದ ಗುಣ. ಇದರಲ್ಲಿ ಲಂಡನ್ನಿನ ಅಜ್ಜನ ಪಾತ್ರ ಎಲ್ಲಿದೆ? 'ಸ್ಟಾರ್ ಟ್ರೆಕ್‌ನವರು ಕದ್ದರು' ಅಂತ ಕೂಗುವವರೂ ಇದ್ದಾರೆ. ಕಳ್ಳತನದ ಆರೋಪ ಹೊರಿಸಲು ಹೋಲಿಕೆ ಸಾಲದು ಸ್ವಾಮಿ.

ಹಾಗಾದರೆ ಇಷ್ಟೊಂದು ಹೋಲಿಕೆ ಎಲ್ಲಿಂದ ಬಂತು? ನಮ್ಮ ಉತ್ತರ: ಇವರು ಅಜ್ಜ ಮೊಮ್ಮಗ ಅಲ್ಲ, ದಾಯಾದಿಗಳು. ಸೈಬರ್‌ಮನ್ನರನ್ನು ಸೃಷ್ಟಿಸಿದ ಇಬ್ಬರಲ್ಲಿ ಒಬ್ಬರಾದ ಕಿಟ್ ಪೆಡ್ಲರ್ ನಿಜವಾಗಿಯೂ ವೈದ್ಯ ವಿಜ್ಞಾನಿ. ದೇಹದ ಭಾಗಗಳನ್ನು ಬದಲಿಸುತ್ತಾ ಹೋದರೆ ಕೊನೆಗೆ ಮನುಷ್ಯ ಎಷ್ಟು ಉಳಿಯುತ್ತಾನೆ ಅನ್ನೋ ಭಯ ಅವರಿಗಿತ್ತು. ಮನುಷ್ಯ ಯಂತ್ರ ಬೆರೆತ ಜೀವಿಗೆ 'ಸೈಬೋರ್ಗ್' ಅನ್ನೋ ಹೆಸರು ಹುಟ್ಟಿದ್ದು 1960ರಲ್ಲಿ, ಇಬ್ಬರು ವಿಜ್ಞಾನಿಗಳ ಬರಹದಲ್ಲಿ. 1967ರ ಡಿಸೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಒಬ್ಬ ಮನುಷ್ಯನ ಹೃದಯವನ್ನು ಮೊದಲ ಬಾರಿ ಇನ್ನೊಬ್ಬನಿಗೆ ಕೂಡಿಸಿದರು. ಆ ಕಾಲದ ಗಾಳಿಯಲ್ಲೇ ಈ ಭಯ ಇತ್ತು. ಸೈಬರ್, ಬೋರ್ಗ್ ಎರಡು ಹೆಸರೂ ಆ ಒಂದು ಪದದಲ್ಲೇ ಇವೆ, ನೋಡಿ. ಒಂದೇ ಮೂಲದ ಎರಡು ಕವಲು.

ಇದನ್ನು ಡಾಕ್ಟರ್ ಹೂ ಧಾರಾವಾಹಿಯೇ ಒಪ್ಪಿಕೊಂಡಿದೆ. 2017ರ ಕಂತಿನಲ್ಲಿ ಡಾಕ್ಟರ್ ಹೇಳುವ ಮಾತಿನ ಸಾರ ಇಷ್ಟೇ: ಸೈಬರ್‌ಮನ್ನರು ಒಂದು ಊರಿನವರಲ್ಲ, ಮನುಷ್ಯರು ಎಲ್ಲಿದ್ದಾರೋ ಅಲ್ಲೆಲ್ಲ ಹುಟ್ಟಿಕೊಳ್ಳುತ್ತಾರೆ. 2012ರಲ್ಲಿ ಎರಡೂ ಕಡೆಯವರ ಅನುಮತಿ ಪಡೆದು ಒಂದು ಕಾಮಿಕ್ಸ್ ಬಂತು. ಅದರಲ್ಲಿ ಸೈಬರ್‌ಮನ್ ಮತ್ತು ಬೋರ್ಗ್ ಕೈ ಜೋಡಿಸುತ್ತಾರೆ, ಆಮೇಲೆ ಕಿತ್ತಾಡುತ್ತಾರೆ. ಅಲ್ಲೂ ಒಬ್ಬರು ಇನ್ನೊಬ್ಬರ ಲೋಕಕ್ಕೆ ದಾಟಿ ಬಂದ ಹೊರಗಿನವರೇ ಹೊರತು ಅಜ್ಜ ಮೊಮ್ಮಗ ಅಲ್ಲ.

ಇಷ್ಟಕ್ಕೂ ಎರಡು ಕಥೆ ಕೂಡಿಸುವುದು ನಮಗೆ ಬೇಡವೇ? ಬೇಕು! ನಮಗಿಂತ ಚೆನ್ನಾಗಿ ಅದನ್ನು ಮಾಡಿದವರು ಯಾರಿದ್ದಾರೆ? ಮಹಾಭಾರತದ ಭೀಮ ಸೌಗಂಧಿಕಾ ಪುಷ್ಪ ತರಲು ಹೊರಟಾಗ ದಾರಿಗೆ ಅಡ್ಡ ಮಲಗಿದ್ದ ಮುದಿ ಕಪಿ ಯಾರು? ರಾಮಾಯಣದ ಹನುಮಂತ. ಬಾಲ ಎತ್ತಲಾಗದೆ ಭೀಮ ಬೆವರಿದ. ಆದರೆ ಅಲ್ಲಿ ಒಂದು ವ್ಯತ್ಯಾಸ ಇದೆ. ಇಬ್ಬರೂ ವಾಯುಪುತ್ರರು ಅಂತ ಕಥೆಯೇ ಬಾಯಿಬಿಟ್ಟು ಹೇಳುತ್ತದೆ. ಊರ ಪಕ್ಕದ ಬಂಡೆ ತೋರಿಸಿ 'ಇದು ಭೀಮನ ಹೆಜ್ಜೆ' ಅನ್ನುವ ಅಜ್ಜಿಯೂ ಒಬ್ಬ ಅಭಿಮಾನಿಯೇ. ಆ ಅಜ್ಜಿಯ ಮಾತಿಗೆ ನಾವು ನಗುತ್ತೇವೆ, ಕೈಯೂ ಮುಗಿಯುತ್ತೇವೆ. ಅವಳು ಅದನ್ನು ಹಿಡಿದುಕೊಂಡು ಯಾರನ್ನೂ ಹೊಡೆಯಲು ಹೋಗುವುದಿಲ್ಲ.

ನಮ್ಮ ಸಿಟ್ಟು ಬೇರೆ ಕಡೆಗಿದೆ. ಸೈಬರ್‌ಮನ್ನನ್ನು ಬೋರ್ಗ್‌ನ ಅಜ್ಜ ಮಾಡುವ ಲೆಕ್ಕವೇ ದಿನಾ ನಮ್ಮ ನಿಮ್ಮ ಫೋನಿಗೆ ಫಾರ್ವರ್ಡ್ ಆಗಿ ಬರುತ್ತಿದೆ. ಇದು ಅದರಂತಿದೆ, ಆದ್ದರಿಂದ ಇದೇ ಅದು. ಎರಡು ಫೋಟೊ ಅಕ್ಕಪಕ್ಕ, ನಡುವೆ ಕೆಂಪು ಬಾಣ, ಕೆಳಗೆ 'ಎಲ್ಲರಿಗೂ ಕಳಿಸಿ'. ಬೋರ್ಗ್ ವಿಷಯದಲ್ಲಿ ತಪ್ಪಿದರೆ ಒಬ್ಬ ಗೆಳೆಯ ಗ್ರೂಪ್ ಬಿಡುತ್ತಾನೆ ಅಷ್ಟೇ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ಏನಾಯಿತು? ಹೈದರಾಬಾದಿನಿಂದ ಬಂದಿದ್ದ ಗೆಳೆಯರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಹೊರಗಿನವರು, ಕಾರು, ಚಾಕೊಲೇಟ್. ಮೂರನ್ನೂ ಕೂಡಿಸಿ 'ಮಕ್ಕಳ ಕಳ್ಳರು' ಅಂತ ಉತ್ತರ ಬರೆದರು. ಸುದ್ದಿ ಕಾರಿಗಿಂತ ಮುಂಚೆ ಮುರ್ಕಿ ಗ್ರಾಮ ಮುಟ್ಟಿತ್ತು. ಗುಂಪು ಅವರನ್ನು ತಡೆದು ಹೊಡೆಯಿತು. ಒಬ್ಬ ಯುವಕ ಸತ್ತ. ಅದೇ ತಿಂಗಳು ವಾಟ್ಸಾಪ್ ಕಂಪನಿ ಭಾರತದಲ್ಲಿ ಒಂದು ಸಲಕ್ಕೆ ಐದು ಕಡೆಗಷ್ಟೇ ಫಾರ್ವರ್ಡ್ ಮಾಡಬಹುದು ಅಂತ ಮಿತಿ ಹಾಕಲು ಮುಂದಾಯಿತು. ಬೆರಳಿಗೆ ಮಿತಿ ಹಾಕಬಹುದು, ತಲೆಯ ಕೆಲಸ ತಲೆಯೇ ಮಾಡಬೇಕು.

'ತಮಾಷೆಯನ್ನು ಸಾವಿನ ತನಕ ಯಾಕೆ ಎಳೆದಿರಿ' ಅಂತ ನೀವು ಕೇಳಬಹುದು. ಅಭ್ಯಾಸ ತಮಾಷೆಯಲ್ಲೇ ಆಗಬೇಕು ಅನ್ನೋದಕ್ಕೆ. ಬಾವಿಗೆ ಬಿದ್ದ ಮೇಲೆ ಈಜು ಕಲಿಯಲಾಗದು, ಕೆರೆಯ ದಂಡೆಯಲ್ಲಿ ಆಡುತ್ತಾ ಕಲಿಯಬೇಕು. ಬೋರ್ಗ್‌ನ ಜಾತಕದ ಮುಂದೆ ನಾವು ಇಟ್ಟ ಪ್ರಶ್ನೆಗಳು ಮೂರೇ. ಈ ನಂಟನ್ನು ಕಥೆಯೇ ಹೇಳುತ್ತಿದೆಯೋ, ಕೂಡಿಸುವವನು ಹೇಳುತ್ತಿದ್ದಾನೋ? ಇದಕ್ಕೆ ಎದುರಾದ ಸಾಕ್ಷಿ ಯಾವುದು, ಅದನ್ನು ಅವನು ಮುಚ್ಚಿಟ್ಟಿದ್ದಾನೋ? ಹೋಲಿಕೆಗೆ ಬೇರೆ ಯಾವುದಾದರೂ ಕಾರಣ ಇರಬಹುದೋ? ಅವತ್ತು ಆ ಮೂರನೇ ಪ್ರಶ್ನೆ ಒಬ್ಬರಾದರೂ ಕೇಳಿದ್ದರೆ, ಮಕ್ಕಳನ್ನು ಕಂಡರೆ ಪ್ರೀತಿಯಿಂದಲೂ ಚಾಕೊಲೇಟ್ ಕೊಡುತ್ತಾರೆ ಅನ್ನೋ ಉತ್ತರ ಕಣ್ಣ ಮುಂದೆಯೇ ಇತ್ತು.

ಒಳ್ಳೆಯ ಅಭಿಮಾನಿ ತನ್ನ ಸಿದ್ಧಾಂತ ಹೇಳಿದ ಮೇಲೆ 'ಇದು ಸ್ಪಾಕ್ ಹತ್ತಿರ ಎಡವುತ್ತದೆ' ಅಂತ ತಾನೇ ಹೇಳಿ ನಗುತ್ತಾನೆ. ಫಾರ್ವರ್ಡ್ ಮಾಡುವವನು ಎಡವಿದ ಜಾಗ ಎಂದೂ ತೋರಿಸುವುದಿಲ್ಲ. ಇಬ್ಬರಿಗೂ ಇರುವ ಅಂತರ ಅಷ್ಟೇ, ಆದರೆ ಅದು ದೊಡ್ಡ ಅಂತರ.

ಹಾಗಾಗಿ ನಮ್ಮ ತೀರ್ಪು: ಸೈಬರ್‌ಮನ್ ಬೋರ್ಗ್‌ನ ಅಜ್ಜ ಅಲ್ಲ, ಆಸ್ತಿಯಲ್ಲಿ ಪಾಲಿಲ್ಲ, ಕಳ್ಳತನದ ಕೇಸು ವಜಾ. ಆ ಕಡೆಗೆ ವಾಲಿದ ನಮ್ಮ ಇಬ್ಬರು ಗೆಳೆಯರು ಮೇಲ್ಮನವಿ ಹಾಕುತ್ತಾರಂತೆ. ಹಾಕಲಿ. ಸಾಕ್ಷಿ ತಂದರೆ ನಾವೇ ಇನ್ನೊಂದು ಬರಹದಲ್ಲಿ ತಪ್ಪಾಯಿತು ಅನ್ನುತ್ತೇವೆ. ನಿಮಗೂ ಅದೇ ಮಾತು. ನಮ್ಮ ಲೆಕ್ಕ ಎಲ್ಲಿ ಎಡವಿದೆ ಅಂತ ಕಂಡರೆ ಹೇಳಿ. ಇವತ್ತು ಸಂಜೆಯೊಳಗೆ ನಿಮ್ಮ ಫೋನಿಗೆ ಕೆಂಪು ಬಾಣದ ಫೋಟೊ ಒಂದು ಬಂದೇ ಬರುತ್ತದೆ. ಅದಕ್ಕೂ ಆ ಮೂರು ಪ್ರಶ್ನೆ ಕೇಳಿ, ಆಮೇಲೆ ಬೆರಳಾಡಿಸಿ.